ಎಚ್ಚರಕ್ಕೆ ಮೊದಲೇ ಏಳುವ ದೇಹ

ಮನುಷ್ಯ ಕಣ್ಣು ಬಿಡುವ ಕೆಲವು ಗಂಟೆ ಮೊದಲೇ ಅವನ ರಕ್ತದಲ್ಲಿ ಕಾರ್ಟಿಸಾಲ್ ಏರತೊಡಗುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಈ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ತೀರ ಕೆಳಮಟ್ಟದಲ್ಲಿರುತ್ತದೆ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಶಿಖರ ಮುಟ್ಟಿ, ಆಮೇಲೆ ರಾತ್ರಿಯವರೆಗೂ ಇಳಿಯುತ್ತ ಹೋಗುತ್ತದೆ. ಒತ್ತಡದ ಹಾರ್ಮೋನು ಎಂದು ಹೆಸರಾಗಿದ್ದರೂ ಅದು ಬರಲು ಒತ್ತಡವೇ ಬೇಕೆಂದಿಲ್ಲ. ನೆಮ್ಮದಿಯಾಗಿ ಮಲಗಿದವನಲ್ಲಿಯೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಎಚ್ಚರಗೊಳ್ಳುವ ಸಿದ್ಧತೆಯನ್ನೆಲ್ಲ ದೇಹ ತಾನಾಗಿ ಮಾಡಿ ಮುಗಿಸಿರುವಾಗ, ‘ನಾನು ಎದ್ದೆ’ ಎನ್ನುವವನು ಯಾರು? ವೇದಾಂತ ಬಹಳ ಹಿಂದೆಯೇ ಕೈಗೆತ್ತಿಕೊಂಡ ಪ್ರಶ್ನೆ ಇದು.

ಮೆದುಳಿನ ಹೈಪೋಥಲಾಮಸ್ಸಿನಲ್ಲಿ, ಎರಡೂ ಕಣ್ಣುಗಳ ನರಗಳು ಅಡ್ಡಹಾಯುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದೇ. ಅದರ ಸುತ್ತು 24 ಗಂಟೆಗೆ ಸರಿಯಾಗಿ ಹೊಂದುವುದಿಲ್ಲ; ಕಣ್ಣಿನ ಮೇಲೆ ಬೀಳುವ ಹಗಲ ಬೆಳಕು ಅದನ್ನು ದಿನವೂ ತಿದ್ದುತ್ತದೆ. ಅಲ್ಲಿಂದ ಸೂಚನೆ ಪಡೆದ ಪಕ್ಕದ ಕೋಶಗಳು ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತವೆ. ಅದರ ರಚನೆಯನ್ನು ವೈಲಿ ವೇಲ್ ಮತ್ತು ಸಂಗಡಿಗರು 1981ರಲ್ಲಿ ಬಿಡಿಸಿ ತೋರಿಸಿದರು. ಸಿಆರ್‌ಎಚ್‌ನಿಂದಾಗಿ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನನ್ನು ಬಿಡುತ್ತದೆ, ಎಸಿಟಿಎಚ್ ಅಡ್ರಿನಲ್‌ನಿಂದ ಕಾರ್ಟಿಸಾಲ್ ಹೊರಡಿಸುತ್ತದೆ. ಹೊರಟ ಕಾರ್ಟಿಸಾಲ್ ಮೆದುಳಿಗೂ ಪಿಟ್ಯುಟರಿಗೂ ಮರಳಿ ಬಂದು, ತನ್ನನ್ನು ಹೊರಡಿಸಿದ ಆಜ್ಞೆಯನ್ನೇ ತಡೆಯುತ್ತದೆ.

ಈ ತಡೆ ತಕ್ಷಣ ಬೀಳುವುದಿಲ್ಲ. ಅಡ್ರಿನಲ್ ಗ್ರಂಥಿ ಹೊಸದಾಗಿ ಹಾರ್ಮೋನು ತಯಾರಿಸಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಮಟ್ಟ ಅಗತ್ಯಕ್ಕಿಂತ ಮೇಲೇರಿರುತ್ತದೆ, ತಡೆ ಬಿದ್ದ ಮೇಲೆ ಅಗತ್ಯಕ್ಕಿಂತ ಕೆಳಗಿಳಿಯುತ್ತದೆ. ಹೀಗಾಗಿ ದಿನದ ಆ ದೊಡ್ಡ ಏರಿಳಿತದೊಳಗೆ ಗಂಟೆಗೋ ಒಂದೂವರೆ ಗಂಟೆಗೋ ಒಂದರಂತೆ ಚಿಕ್ಕ ಅಲೆಗಳು ಏಳುತ್ತವೆ. ಬ್ರಿಸ್ಟಲ್‌ನ ಸಂಶೋಧಕರು 2010ರಲ್ಲಿ ಗಣಿತದ ಮಾದರಿಯೊಂದನ್ನು ಕಟ್ಟಿ, ಮೇಲಿನಿಂದ ಬರುವ ಆಜ್ಞೆ ಏರಿಳಿಯದೆ ಒಂದೇ ಸಮನಿದ್ದರೂ ಪಿಟ್ಯುಟರಿ ಮತ್ತು ಅಡ್ರಿನಲ್ ನಡುವಿನ ಈ ವಿಳಂಬವೇ ಅಲೆಗಳನ್ನು ಹುಟ್ಟಿಸಬಲ್ಲದೆಂದು ತೋರಿಸಿದರು. ಸಾಲದ್ದಕ್ಕೆ ಅಡ್ರಿನಲ್‌ನ ಕೋಶಗಳಿಗೆ ತಮ್ಮದೇ ಗಡಿಯಾರವೂ ಇದೆ. ತತ್ತ್ವಜಿಜ್ಞಾಸುವಿಗೆ ಮುಖ್ಯವಾಗಬೇಕಾದ ಸಂಗತಿ ಇದು: ಈ ಲಯಕ್ಕೆ ಒಡೆಯನನ್ನು ಹುಡುಕಿ ಹೋದರೆ, ಒಂದರ ಮಾತಿಗೆ ಇನ್ನೊಂದು ತಡವಾಗಿ ಓಗೊಡುವ ಸಂಬಂಧಗಳು ಸಿಗುತ್ತವೆ, ಒಡೆಯ ಸಿಗುವುದಿಲ್ಲ.

ಒಡೆಯನನ್ನು ಹುಡುಕುವ ಈ ಪ್ರಶ್ನೆಗೆ ವೇದಾಂತದ ಉತ್ತರ ಶಂಕರರಲ್ಲಿ ಸಿಗುತ್ತದೆ. ಅವರು ಹುಟ್ಟಿದ ಊರೆಂದು ಪರಂಪರೆ ಹೇಳುವ ಕೇರಳದ ಕಾಲಡಿ ಪೆರಿಯಾರ್ ನದಿಯ ದಂಡೆಯಲ್ಲಿದೆ. ಬ್ರಹ್ಮಸೂತ್ರ ಭಾಷ್ಯದ ಮೊದಲಿಗೇ ಶಂಕರರು ಅಧ್ಯಾಸವನ್ನು ವಿವರಿಸುತ್ತಾರೆ. ದಪ್ಪಗಿರುವುದು, ನಿಲ್ಲುವುದು, ನಡೆಯುವುದು ದೇಹದ ಧರ್ಮ; ಅದನ್ನು ಆತ್ಮನ ಮೇಲೆ ಹೇರಿ ಮನುಷ್ಯ ‘ನಾನು ದಪ್ಪ, ನಾನು ನಡೆಯುತ್ತೇನೆ’ ಎನ್ನುತ್ತಾನೆ. ಬೆಳಗಿನ ಕಾರಣವಿಲ್ಲದ ತಳಮಳವನ್ನೂ ಈ ಪಟ್ಟಿಗೆ ಸೇರಿಸಬಹುದು. ಗೀತೆಯ ಹದಿನಾಲ್ಕನೆಯ ಅಧ್ಯಾಯ ಮೂರು ಗುಣಗಳನ್ನು ದಾಟಿದ ಗುಣಾತೀತನ ಲಕ್ಷಣ ಹೇಳುವಾಗ, ಪ್ರಕಾಶ, ಪ್ರವೃತ್ತಿ, ಮೋಹಗಳು ಬಂದಾಗ ಅವನು ದ್ವೇಷಿಸುವುದಿಲ್ಲ, ಹೋದಾಗ ಬಯಸುವುದಿಲ್ಲ ಎನ್ನುತ್ತದೆ. ಅವು ಬರುವುದೇ ಇಲ್ಲ ಎಂದು ಅದು ಹೇಳುವುದಿಲ್ಲ. ಈ ಲಕ್ಷಣ ಹೊರಗಿನವರಿಗೆ ಕಾಣುವಂಥದ್ದಲ್ಲ, ಅವರವರಿಗೇ ಗೊತ್ತಾಗುವಂಥದ್ದು ಎಂದು ಶಂಕರರ ಭಾಷ್ಯ ಸ್ಪಷ್ಟಪಡಿಸುತ್ತದೆ. ಸಮತ್ವವೆಂದರೆ ಅಲೆಯೇ ಇಲ್ಲದ ದೇಹ ಎಂದು ತಿಳಿದು ತನ್ನನ್ನು ದಂಡಿಸಿಕೊಳ್ಳುವ ಸಾಧಕ, ಆಗದ ಕೆಲಸಕ್ಕೆ ಕೈಹಾಕಿದ್ದಾನೆ. ಅಲೆಯಿಲ್ಲದೆ ಒಂದೇ ಮಟ್ಟದಲ್ಲಿ ನಿಂತ ಕಾರ್ಟಿಸಾಲ್ ಶಾಂತಿಯ ಗುರುತಲ್ಲ, ಕಾಯಿಲೆಯ ಗುರುತು.

ಸೂರ್ಯೋದಯಕ್ಕೆ ಮೊದಲಿನ ಬ್ರಾಹ್ಮೀ ಮುಹೂರ್ತದ ಮಾತೂ ಇಲ್ಲಿ ಬರುತ್ತದೆ. ಕೇರಳದ ವೈದ್ಯರು ಎಲ್ಲಕ್ಕಿಂತ ಹೆಚ್ಚು ಆಧರಿಸುವ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ, ಆರೋಗ್ಯವಂತನು ಆಯುಸ್ಸಿನ ರಕ್ಷಣೆಗಾಗಿ ಆ ಹೊತ್ತಿಗೆ ಏಳಬೇಕೆನ್ನುತ್ತದೆ. ತಿರುವನಂತಪುರದಲ್ಲಿ ಯೋಗನಿದ್ರೆಯಲ್ಲಿರುವ ಪದ್ಮನಾಭನ ಗುಡಿ ನಸುಕಿನ 3.30ಕ್ಕೇ ನಿರ್ಮಾಲ್ಯ ದರ್ಶನಕ್ಕೆ ತೆರೆಯುತ್ತದೆ. ಕಾರ್ಟಿಸಾಲ್ ಏರುವ ಹೊತ್ತೂ ಇದೇ. ಹಾಗೆಂದು ಹಿರಿಯರು ಹಾರ್ಮೋನನ್ನು ಅರಿತಿದ್ದರು ಎನ್ನುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರು ದೇಹವನ್ನು ಗಮನವಿಟ್ಟು ನೋಡಿದ್ದರು. ಆ ಗೌರವ ಸಾಕು.

ಅದೇ ಪೆರಿಯಾರ್ ಕಾಲಡಿಯನ್ನು ದಾಟಿ, ಆಲುವಾದಲ್ಲಿ ಕವಲೊಡೆದು, ಕೊಚ್ಚಿಯ ಹತ್ತಿರ ಏಲೂರನ್ನು ಬಳಸಿ ಹರಿಯುತ್ತದೆ. ಅಲ್ಲಿನ ಉದ್ಯೋಗಮಂಡಲದಲ್ಲಿ 1943ರಲ್ಲಿ ಸ್ಥಾಪನೆಯಾದ ‘ಫ್ಯಾಕ್ಟ್’ ರಸಗೊಬ್ಬರ ಕಾರ್ಖಾನೆ 1947ರಲ್ಲಿ ಉತ್ಪಾದನೆ ಆರಂಭಿಸಿತು. ಕ್ರಮೇಣ ಸುತ್ತಲೂ ಇತರ ರಾಸಾಯನಿಕ ಕಾರ್ಖಾನೆಗಳು ಎದ್ದವು. ಅಮೋನಿಯಾ ತಯಾರಿಸುವ ಘಟಕವನ್ನು ಸಂಜೆ ನಿಲ್ಲಿಸಿ ಬೆಳಿಗ್ಗೆ ಹಚ್ಚಲಾಗದು. ಇಂಥ ಕೆಲಸ ಎಲ್ಲೇ ಇರಲಿ, ರಾತ್ರಿ ಪಾಳಿ ತಪ್ಪಿದ್ದಲ್ಲ. ಮೆದುಳಿನ ಗಡಿಯಾರ ಮಾತ್ರ ದಿನಕ್ಕೆ ಸುಮಾರು ಒಂದು ಗಂಟೆಗಿಂತ ಹೆಚ್ಚು ಸರಿಯದು. ಅದು ಹೊಂದಿಕೊಳ್ಳುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ. ಪಾಳಿ ಮುಗಿಸಿದವನು ಮನೆಗೆ ಬಂದು ಮಲಗುವ ಹೊತ್ತಿಗೆ ಅವನ ಕಾರ್ಟಿಸಾಲ್ ಶಿಖರದಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಲಯ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳದ್ದೆಂದು ವರ್ಗೀಕರಿಸಿತು. 2019ರಲ್ಲಿ ರಾತ್ರಿ ಪಾಳಿಯ ಬಗ್ಗೆ ಅದೇ ತೀರ್ಮಾನವನ್ನು ಉಳಿಸಿಕೊಂಡಿತು.

ಹೀಗೆ ಲಯ ಕೆಟ್ಟವನಿಗೆ ‘ನೀನು ದೇಹವಲ್ಲ’ ಎಂದು ಸಮಾಧಾನ ಹೇಳುವುದು ವೇದಾಂತವಾಗದು, ನಿರ್ದಯತೆಯಾದೀತು. ಶಂಕರರೇ ಅದಕ್ಕೆ ಎಡೆ ಕೊಟ್ಟಿಲ್ಲ. ಕೋಲೆತ್ತಿ ಬಂದವನನ್ನು ಕಂಡು ಹಸು ಓಡುತ್ತದೆ, ಹಸಿರು ಹುಲ್ಲು ಹಿಡಿದವನ ಬಳಿಗೆ ಬರುತ್ತದೆ. ಕತ್ತಿ ಹಿಡಿದವನೆದುರು ವಿದ್ವಾಂಸನೂ ಹಾಗೆಯೇ ನಡೆದುಕೊಳ್ಳುತ್ತಾನೆ ಎಂದು ಅದೇ ಅಧ್ಯಾಸಭಾಷ್ಯ ಒಪ್ಪುತ್ತದೆ. ವ್ಯವಹಾರದ ನೆಲೆಯಲ್ಲಿ ದೇಹದ ಹಕ್ಕು ದೇಹಕ್ಕೇ ಸಲ್ಲಬೇಕು. ಗೀತೆಯ ಆರನೆಯ ಅಧ್ಯಾಯವೂ ಹಿತವಾದ ನಿದ್ರೆ ಮತ್ತು ಎಚ್ಚರವಿಲ್ಲದವನಿಗೆ ಯೋಗ ಕೈಗೂಡದೆನ್ನುತ್ತದೆ.

ಆ ಹಿತ ಒಬ್ಬನ ಕೈಯಲ್ಲೇ ಇಲ್ಲ. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿ ಎಂ. ಕೆ. ಚಂದ್ರಶೇಖರನ್, ಮದುರೈಯಲ್ಲಿದ್ದಾಗ ಸಂಗಡಿಗರೊಡನೆ ಗುಹೆಯ ಬಾವಲಿಗಳನ್ನು ಅಭ್ಯಸಿಸಿದ್ದರು. ಬೆಳಕು ಕಾಣದೆ ಪಂಜರದಲ್ಲಿದ್ದ ಬಾವಲಿ, ಸುತ್ತಲಿನ ಹಿಂಡು ಹಾರಿಹೋಗಿ ಮರಳುವ ಹೊತ್ತಿಗೆ ತನ್ನ ಲಯವನ್ನು ಹೊಂದಿಸಿಕೊಳ್ಳುತ್ತಿತ್ತು. ಹಿಂಡಿಲ್ಲದ ಗುಹೆಯಲ್ಲಿ ಅದರ ಲಯ ದಿನದಿನಕ್ಕೆ ಸರಿದುಹೋಗುತ್ತಿತ್ತು. ಮನುಷ್ಯನಿಗೆ ಬೆಳಕೇ ಮುಖ್ಯ. ಆದರೆ ಅವನ ಬೆಳಕು, ಊಟ, ನಿದ್ರೆಗಳ ಹೊತ್ತನ್ನು ಬಹುಪಾಲು ಇತರರೇ ನಿಶ್ಚಯಿಸುತ್ತಾರೆ. ಯಾರನ್ನು ಎಷ್ಟು ರಾತ್ರಿ ಎಚ್ಚರವಿಡಬಹುದು, ನಡುವೆ ಎಷ್ಟು ದಿನ ಬಿಡುವು ಕೊಡಬೇಕು ಎಂಬುದು ಆದ್ದರಿಂದ ಪಾಳಿಯ ಪಟ್ಟಿ ಬರೆಯುವವರ ಧರ್ಮಕ್ಕೂ ಸೇರಿದ ಪ್ರಶ್ನೆ.