ಮನೆಯ ಎಣ್ಣೆಯೂ ಮಾರುವವರ ಹೊಣೆಯೂ

ನಮ್ಮ ಸೀಮೆಯಲ್ಲಿ ತಲೆಗೆ ಹಚ್ಚುವ ಎಣ್ಣೆಯನ್ನು ಮನೆಯಲ್ಲಿಯೇ ಕಾಯಿಸುವ ರೂಢಿ ಬಹಳ ಹಿಂದಿನದು. ತೆಂಗಿನೆಣ್ಣೆಗೆ ಗರುಗದ ಸೊಪ್ಪು, ದಾಸವಾಳದ ಎಲೆ, ನೆಲ್ಲಿಕಾಯಿ, ಮದರಂಗಿ ಇವುಗಳನ್ನು ಹಾಕಿ ಹದನೋಡಿ ಇಳಿಸಿದ ಎಣ್ಣೆಗೆ ಯಾವ ಕಾಯಿದೆಯೂ ಬೇಕಾಗಿರಲಿಲ್ಲ. ಅದೇಕೆಂದರೆ, ಕಾಯಿಸಿದ ಅಜ್ಜಿಗೆ ಎಣ್ಣೆಯ ಗುಣ ತಿಳಿದಿದ್ದಂತೆ ತಲೆಯ ಗುಣವೂ ತಿಳಿದಿತ್ತು. ಮೊಮ್ಮಗನದು ಶೀತದ ಮೈಯಾದರೆ ತಂಪಿನ ಸೊಪ್ಪನ್ನು ಆಕೆ ಬಿಡುತ್ತಿದ್ದಳು. ಸೊಸೆ ಬಸುರಿಯಾದರೆ ಕೈ ಬಿಗಿಹಿಡಿಯುತ್ತಿದ್ದಳು.

ಈಗ ಆ ಎಣ್ಣೆಯೂ, ನಿಂಬೆಹುಲ್ಲು, ನೀಲಗಿರಿ, ಲವಂಗ ಮೊದಲಾದವುಗಳ ಸುಗಂಧತೈಲಗಳನ್ನು ಬೆರಸಿದ ಹೊಸ ಮಿಶ್ರಣಗಳೂ ಸಣ್ಣ ಸೀಸೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕಾಪುವಿನ ಒಂದು ಅಡುಗೆಮನೆಯಲ್ಲಿ ತಯಾರಾದದ್ದನ್ನು ಮಣಿಪಾಲಕ್ಕೆ ಓದಲು ಬಂದ ದೂರದ ಪ್ರಾಂತದ ಹುಡುಗಿಯು ಕೊಳ್ಳಬಹುದು; ಆಕೆ ಅದನ್ನು ತನ್ನ ಊರಿನಲ್ಲಿರುವ ಅಕ್ಕನ ಕೂಸಿಗೆಂದು ಒಯ್ಯಲೂ ಬಹುದು. ಮಾಡಿದವರು ಆ ಕೂಸನ್ನು ಕಂಡವರಲ್ಲ. "ಮನೆಯಲ್ಲಿ ಮಾಡಿದ್ದು, ಯಾರಿಗೂ ಕೇಡು ಬಗೆದು ಮಾಡಿದ್ದಲ್ಲ" ಎಂಬ ಮಾತಿನಿಂದ ಅವರ ಹೊಣೆ ತೀರುವುದೇ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಸುಗಂಧತೈಲವೆಂದರೆ ರಾಶಿ ಸೊಪ್ಪಿನ ಸಾರವನ್ನು ಕೆಲವು ಹನಿಗಳಿಗೆ ಇಳಿಸಿದ್ದು. ಸೊಪ್ಪು ಸೌಮ್ಯವೆಂದ ಮಾತ್ರಕ್ಕೆ ಅದರ ತೈಲವೂ ಸೌಮ್ಯವಲ್ಲ. ಕರ್ಪೂರವನ್ನಾಗಲಿ ನೀಲಗಿರಿ ತೈಲವನ್ನಾಗಲಿ ಎಳೆಯ ಮಗು ನುಂಗಿದರೆ ಸೆಳವು ಬರಬಹುದು. ದಾಲ್ಚಿನ್ನಿಯ ತೈಲವನ್ನು ತೆಳುಗೊಳಿಸದೆ ಹಚ್ಚಿದರೆ ಚರ್ಮ ಸುಡುತ್ತದೆ. ಸದುದ್ದೇಶವು ಇವುಗಳಲ್ಲಿ ಒಂದನ್ನೂ ತಡೆಯಲಾರದು.

ಕಾಯಿದೆಯು ಇಲ್ಲಿ ಏನು ಹೇಳುತ್ತದೆ ಎಂಬುದು ಸ್ವಾರಸ್ಯವಾಗಿದೆ. 1940ರ ಔಷಧ ಮತ್ತು ಸೌಂದರ್ಯಸಾಧನಗಳ ಕಾಯಿದೆಯು ಬಹುಮಟ್ಟಿಗೆ ಸೀಸೆಯೊಳಗಿನ ದ್ರವ್ಯಕ್ಕಿಂತ ಅದನ್ನು ಯಾವ ಉದ್ದೇಶಕ್ಕೆಂದು ಮಾರುತ್ತಾರೆ ಎಂಬುದನ್ನೇ ನೋಡುತ್ತದೆ. ಕೋಣೆಗೆ ಪರಿಮಳಕ್ಕೆಂದು ಮಾರಿದ ಎಣ್ಣೆ ಬರಿಯ ಪರಿಮಳದ್ರವ್ಯ. ಮೈಗೆ ಹಚ್ಚಿದರೆ ಕಾಂತಿ ಬರುತ್ತದೆಂದರೆ ಅದು ಸೌಂದರ್ಯಸಾಧನ. ತಲೆನೋವು ವಾಸಿಯಾಗುತ್ತದೆಂದರೆ ಅದು ಔಷಧ. ಕೊನೆಯ ಎರಡನ್ನೂ ಮಾರಾಟಕ್ಕಾಗಿ ತಯಾರಿಸುವುದಕ್ಕೆ ಲೈಸೆನ್ಸು ಬೇಕು. ತೊನ್ನು, ಮಧುಮೇಹ, ಅಪಸ್ಮಾರ, ಪಾರ್ಶ್ವವಾಯುಗಳನ್ನು ಗುಣಪಡಿಸುವೆವೆಂದು ಜಾಹೀರಾತು ಮಾಡುವುದನ್ನಂತೂ 1954ರ ಇನ್ನೊಂದು ಕಾಯಿದೆ ನಿಷೇಧಿಸಿದೆ. ತೆಂಗಿನ ನಾಡಿನವರಾದ ನಾವು ಗಮನಿಸತಕ್ಕ ಒಂದು ತೀರ್ಪುಂಟು. ಸಣ್ಣ ಪೊಟ್ಟಣಗಳ ಶುದ್ಧ ತೆಂಗಿನೆಣ್ಣೆಯು ತಿನ್ನುವ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಎಂಬ ತೆರಿಗೆಯ ವ್ಯಾಜ್ಯವು ವರ್ಷಾನುಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಪೊಟ್ಟಣದ ಗಾತ್ರವೊಂದರಿಂದಲೇ ಅದು ಕೇಶತೈಲವಾಗದು. ಅದರ ಮೇಲಿನ ಬರಹವನ್ನೂ ನೋಡಬೇಕೆಂದು ತೀರ್ಮಾನವಾಯಿತು. ಒಂದೇ ಎಣ್ಣೆ, ಅದರ ಜಾತಿಯನ್ನು ಗೊತ್ತುಮಾಡುವುದು ಚೀಟಿ!

ಹಾಗಾದರೆ ಕಾಯಿದೆಗೆ ಚೀಟಿಯ ಮೇಲೆ ಇಷ್ಟು ಮೋಹವೇಕೆ? ಉತ್ತರವು ಅದೇ ಕಾಯಿದೆಯ ಒಂದು ವಿನಾಯಿತಿಯಲ್ಲಿದೆಯೆಂದು ನನಗೆ ತೋರುತ್ತದೆ. ತನ್ನ ಸ್ವಂತ ರೋಗಿಗಳ ಉಪಯೋಗಕ್ಕಾಗಿ ತೈಲವನ್ನು ಕಾಯಿಸುವ ವೈದ್ಯನಿಗೆ ತಯಾರಿಕೆಯ ಲೈಸೆನ್ಸು ಬೇಕಿಲ್ಲ. ಕುತ್ಪಾಡಿಯಲ್ಲಿ 1958ರಲ್ಲಿ ಸ್ಥಾಪನೆಯಾದ ಆಯುರ್ವೇದ ಕಾಲೇಜಿನಲ್ಲಿ ಕಲಿತು ಕಾರ್ಕಳದಲ್ಲಿ ವೃತ್ತಿ ನಡೆಸುವ ವೈದ್ಯರೊಬ್ಬರು ಇದ್ದರೆನ್ನೋಣ. ರೋಗಿಯು ಎದುರಿಗೆ ಕುಳಿತಿದ್ದಾನೆ. ಅವರು ನಾಡಿಯನ್ನು ನೋಡಿದ್ದಾರೆ. ನಾಳೆ ಉರಿಯೆದ್ದರೆ ಆತನು ಅದೇ ಬಾಗಿಲಿಗೆ ಬರುತ್ತಾನೆ. ಅಲ್ಲಿ ಪರಿಚಯವಿದೆ. ಅಂಗಡಿಯ ಸೀಸೆಗೆ ಅದಿಲ್ಲ. ಮಾಡಿದವರ ಹೆಸರು ವಿಳಾಸ, ಕೂಡಿದ ದ್ರವ್ಯಗಳು, ತಯಾರಾದ ತಿಂಗಳು, ಎಚ್ಚರಿಕೆ ಇವೆಲ್ಲ ಅಜ್ಜಿಯು ಬಾಯಲ್ಲಿ ಹೇಳುತ್ತಿದ್ದ ಮಾತುಗಳೇ. ಅಜ್ಜಿಯಿಲ್ಲದ ಕಡೆ ಅವುಗಳನ್ನು ಕಾಗದವು ಹೇಳಬೇಕಾಗಿದೆ.

ಕೊಂಡವರಿಗೆ ಮಾತ್ರ ಉತ್ತರ ಹೇಳಿದರೆ ಸಾಕೆಂಬ ವಾದವೂ ಹಿಂದೆ ಇತ್ತು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬಲ್ಲಿ ಡೊನೊಹ್ಯೂ ಎಂಬಾಕೆಗೆ ಗೆಳತಿಯೊಬ್ಬಳು ಶುಂಠಿಯ ಪಾನೀಯವನ್ನು ಕೊಡಿಸಿದಳು. ಒಳಗೆ ಕಾಣದ ಬಣ್ಣದ ಸೀಸೆಯಿಂದ ಕೊಳೆತ ಬಸವನಹುಳು ಹೊರಬಿದ್ದಿತೆಂದೂ ಅದರಿಂದ ತಾನು ಕಾಯಿಲೆಬಿದ್ದೆನೆಂದೂ ಆಕೆಯ ದೂರು. ದುಡ್ಡು ಕೊಟ್ಟವಳು ಆಕೆಯಲ್ಲ. ತಯಾರಿಸಿದವನೊಡನೆ ಆಕೆಗೆ ಕರಾರೂ ಇರಲಿಲ್ಲ. ಆದರೂ ತಯಾರಕನಿಗೆ ಆಕೆಯ ವಿಷಯದಲ್ಲಿ ಹೊಣೆಯುಂಟೆಂದು 1932ರಲ್ಲಿ ಬ್ರಿಟನ್ನಿನ ಪ್ರಭುಸಭೆಯು ತೀರ್ಪಿತ್ತಿತು. ನ್ಯಾಯಾಧೀಶ ಲಾರ್ಡ್ ಅಟ್ಕಿನ್ ಅವರು ಕೇಳಿದ ಪ್ರಶ್ನೆ, ಕಾಯಿದೆಯ ಕಣ್ಣಿಗೆ ನನ್ನ ನೆರೆಯವನು ಯಾರು ಎಂಬುದು. ನನ್ನ ಕೆಲಸದ ಫಲ ಯಾರನ್ನು ಮುಟ್ಟುವುದೆಂದು ನಾನು ಮೊದಲೇ ಯೋಚಿಸಬಲ್ಲೆನೋ ಅವನೇ ನೆರೆಯವನು. ಗೋಡೆಯಾಚೆಯವನೇ ಆಗಬೇಕೆಂದಿಲ್ಲ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದಿದೆ. ಉಪಯೋಗದ ಕ್ರಮವನ್ನೂ ಅಪಾಯದ ಎಚ್ಚರಿಕೆಯನ್ನೂ ತಕ್ಕಷ್ಟು ತಿಳಿಸದೆ ಮಾರಿದ ವಸ್ತುವಿನಿಂದ ಹಾನಿಯಾದರೆ ತಯಾರಕನೇ ಹೊಣೆ. ಅವನು ಸ್ಪಷ್ಟವಾಗಿ ಕೊಟ್ಟ ಭರವಸೆಯೊಂದು ಸುಳ್ಳಾದರೆ, ಅದನ್ನು ಅಜಾಗರೂಕತೆಯಿಂದಾಗಲಿ ಮೋಸದಿಂದಾಗಲಿ ಕೊಟ್ಟದ್ದಲ್ಲವೆಂದು ರುಜುಪಡಿಸಿದರೂ ಬಿಡುಗಡೆಯಿಲ್ಲ. ಇದು ನಿಷ್ಠುರವೆಂದು ಹಲವರಿಗೆ ತೋರಬಹುದು. ಆದರೆ ಕೊಂಡವಳು ನಂಬಿದ್ದು ಮಾತನ್ನು. ಮನಸ್ಸನ್ನು ನೋಡುವ ಉಪಾಯ ಅವಳಿಗಿರಲಿಲ್ಲ. "ಮನೆಯದು" ಎಂಬ ಶಬ್ದವೂ ಒಂದು ಭರವಸೆಯೇ ಅಲ್ಲವೇ? ಅದನ್ನು ಕೇಳಿದೊಡನೆ ಗಿರಾಕಿಯು ಸಂಶಯವನ್ನು ಕೆಳಗಿಡುತ್ತಾಳೆ. ಆ ಶಬ್ದದಿಂದ ಹೊಣೆಯು ಹಗುರಾಗುವುದೆಂಬುದನ್ನು ನಾನು ಒಪ್ಪಲಾರೆ. ಅದು ಭಾರವಾಗುವುದೇ ನ್ಯಾಯ.

ಆದರೂ ಆಕ್ಷೇಪವೊಂದು ಉಳಿಯುತ್ತದೆ, ಅದು ಹುರುಳುಳ್ಳದ್ದೇ. ದೊಡ್ಡ ಕಂಪೆನಿಗೆ ಲೈಸೆನ್ಸು ಒಂದು ದಿನದ ಖರ್ಚು. ತಿಂಗಳಿಗೆ ಇಪ್ಪತ್ತು ಸೀಸೆ ಮಾರುವ ವಿಧವೆಗೆ ಅದು ಬೆಟ್ಟ. ಪ್ರತ್ಯೇಕ ಕೋಣೆ, ಪರೀಕ್ಷೆ, ತಜ್ಞರು, ಇವನ್ನೆಲ್ಲ ಆಕೆ ಎಲ್ಲಿಂದ ತಂದಾಳು? ಇದಕ್ಕೆ ನಿಯಮಗಳಲ್ಲಿಯೇ ಒಂದು ದಾರಿಯಿದೆ: ಲೈಸೆನ್ಸುಳ್ಳ ಇನ್ನೊಬ್ಬರ ಕಾರ್ಖಾನೆಯಲ್ಲಿ ತಮ್ಮ ಎಣ್ಣೆಯನ್ನು ತಯಾರಿಸಿಕೊಳ್ಳಲು ಸಿಗುವ 'ಲೋನ್ ಲೈಸೆನ್ಸು'. ನಾಲ್ಕಾರು ಮನೆಗಳ ಹೆಂಗಸರು ಸೇರಿದರೆ ಅದು ಕೈಗೆಟುಕಬಹುದು. ಬೇರೆಯವರ ಕಡಾಯಿಯಲ್ಲಿ ಕಾದದ್ದು ಮನೆಯ ಎಣ್ಣೆ ಹೇಗಾದೀತು ಎಂದು ಅವರು ಕೇಳಿದರೆ, ಆ ಪ್ರಶ್ನೆ ಸರಿಯಾದದ್ದೇ. ಚೀಟಿಯಿಂದ ಆ ಶಬ್ದವನ್ನು ತೆಗೆದುಹಾಕಿ ಕಾರ್ಖಾನೆಯ ಹೆಸರನ್ನು ಬರೆಯಬೇಕಾಗುತ್ತದೆ.