ಉಪವಾಸದ ಮುನ್ನಾದಿನ ನೋಡಬೇಕಾದ ನೀರು



ವ್ರತಾಚರಣೆಯ ವಿಷಯದಲ್ಲಿ ಗೃಹಸ್ಥರಿಗೆ ಏಳುವ ಸಂಶಯಗಳು ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಬಾವಿಯಿಂದ ನೀರು ಸೇದಿ ಸೋಸುತ್ತಿದ್ದ ಕಾಲದ ಸಂಶಯಗಳು ಬೇರೆ. ವಿದ್ಯುತ್ ಪಂಪು ಮನೆಯೊಳಗೇ ನೀರನ್ನು ಹಗಲಿರುಳು ತಿರುಗಿಸುವ ಈ ಕಾಲದ ಸಂಶಯಗಳು ಬೇರೆ. ತೋಡಾರು, ಮೂಡುಬಿದಿರೆಗಳ ಆಸುಪಾಸಿನ ಚಾವಡಿಗಳಲ್ಲಿಯೂ ಇಂದು ಗಾಜಿನ ಮೀನುತೊಟ್ಟಿಗಳನ್ನು ಕಾಣಬಹುದು. ಚತುರ್ದಶಿಯ ದಿನ ಪ್ರೋಷಧೋಪವಾಸದಲ್ಲಿರುವ ಶ್ರಾವಕಿಯೊಬ್ಬಳು ತೊಟ್ಟಿಯ ಫಿಲ್ಟರಿನ ಖಾನೆಯೊಳಗೆ ಮರಿಮೀನೊಂದು ಸಿಕ್ಕಿ ತೊಳಲುವುದನ್ನು ಕಂಡಳೆನ್ನೋಣ. ಆರಂಭವನ್ನು ತ್ಯಜಿಸಿದ ದಿನ ಅವಳು ನೀರಿಗೆ ಕೈ ಹಾಕಬಹುದೇ? ಹಾಕಿದರೆ ವ್ರತಭಂಗವೇ? ಹಾಕದಿದ್ದರೆ ಅಹಿಂಸೆಗೆ ಕುಂದೇ? ಇದು ಕ್ಷುಲ್ಲಕವಾದ ಪ್ರಶ್ನೆಯಲ್ಲ.

ಮೊದಲು ವಿಷಯವನ್ನು ತಿಳಿಯೋಣ. ಇಂತಹ ತೊಟ್ಟಿಗಳ ಹಿಂಬದಿಯಲ್ಲಿ ಗಾಜಿನ ಅಡ್ಡಗೋಡೆಗಳಿಂದ ಮಾಡಿದ ಎರಡು ಮೂರು ಖಾನೆಗಳಿರುತ್ತವೆ. ನೀರು ಬಾಚಣಿಗೆಯಂತಹ ಸೀಳುಗಳ ಮೂಲಕ ಒಳಹರಿದು, ಸ್ಪಂಜನ್ನು ಹಾದು, ಕೊನೆಯ ಖಾನೆಯ ಪಂಪಿನಿಂದ ಮತ್ತೆ ತೊಟ್ಟಿಗೆ ಬೀಳುತ್ತದೆ. ಗಪ್ಪಿ ಜಾತಿಯ ಮೀನು ಮೊಟ್ಟೆಯಿಡದೆ ಮರಿ ಹಾಕುತ್ತದೆ; ಆ ಮರಿ ಹುಟ್ಟಿದಾಗ ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದು. ನೀರಿನ ಸೆಳೆತಕ್ಕೆ ಅದು ಸೀಳಿನೊಳಗೆ ಜಾರಿದರೆ ಹಿಂದಿರುಗಲಾರದು. ಅಲ್ಲಿ ಆಹಾರ ಬೀಳುವುದಿಲ್ಲ. ಪಂಪಿನ ಚಕ್ರದ ಭಯ ಬೇರೆ. ಕರೆಂಟು ಹೋಗಿ ಹರಿವು ನಿಂತರೆ ಆ ಇಕ್ಕಟ್ಟಿನ ನೀರಿನಲ್ಲಿ ಪ್ರಾಣವಾಯುವೂ ಕಡಿಮೆಯಾಗುತ್ತದೆ.

ಇಷ್ಟು ಸಣ್ಣ ಜೀವಿಗೆ ಇಷ್ಟು ಚಿಂತೆ ಏಕೆಂದು ಕೆಲವರು ಕೇಳಿಯಾರು. ಮೀನು ಪಂಚೇಂದ್ರಿಯ ಜೀವಿ. ಅಕ್ಕಿಕಾಳಿನಷ್ಟೇ ಗಾತ್ರದ ತಂದುಲಮತ್ಸ್ಯವು ಕೇವಲ ಮನಸ್ಸಿನ ದುರ್ಭಾವದಿಂದ ಏಳನೆಯ ನರಕಕ್ಕೆ ಇಳಿಯಿತೆಂದು ನಮ್ಮ ಹಿರಿಯರು ಹೇಳಿದ್ದಾರೆ. ದೇಹದ ಗಾತ್ರದಿಂದ ಜೀವವನ್ನು ಅಳೆಯಲಾಗದೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಇನ್ನು ವ್ರತದ ವಿಚಾರ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಖಾನೆಯಲ್ಲಿ ಸಿಕ್ಕಿದ ಮೀನಿಗೆ ಬಂಧವೂ ಉಂಟು, ಅನ್ನನಿರೋಧವೂ ಉಂಟು. ನಾವು ಉಪವಾಸ ಮಾಡುವುದು ನಮ್ಮ ಇಚ್ಛೆಯಿಂದ, ಅದು ತಪಸ್ಸು. ಆ ಮೀನಿನ ಉಪವಾಸ ನಮ್ಮ ಅಲಕ್ಷ್ಯದಿಂದ; ಅದು ನಮ್ಮ ಲೆಕ್ಕಕ್ಕೆ ಸೇರುವ ಹಿಂಸೆ. ಒಂದೇ ಮನೆಯಲ್ಲಿ ಒಂದೇ ದಿನ ಈ ಎರಡು ಉಪವಾಸಗಳು ನಡೆಯುವುದು ಎಂತಹ ವಿಪರ್ಯಾಸ!

ಅದೇ ಅಧ್ಯಾಯದಲ್ಲಿ ಪ್ರೋಷಧೋಪವಾಸದ ಅತಿಚಾರಗಳೂ ಬರುತ್ತವೆ. ನೋಡದೆ, ಶುದ್ಧಿ ಮಾಡದೆ ವಸ್ತುವನ್ನು ಚೆಲ್ಲುವುದು, ಎತ್ತಿಕೊಳ್ಳುವುದು, ಹಾಸಿಗೆ ಹಾಸುವುದು, ವ್ರತದಲ್ಲಿ ಅನಾದರ, ಮರೆವು. ಇವುಗಳಲ್ಲಿ ಮೊದಲನೆಯ ಮೂರಕ್ಕೂ ಮೂಲ ಒಂದೇ: ನೋಡದಿರುವುದು. ಉಪವಾಸದ ದಿನ ಆಹಾರ ಬಿಟ್ಟರೆ ಸಾಲದು, ಕಣ್ಣು ತೆರೆದಿರಬೇಕೆಂಬುದು ಆಚಾರ್ಯರ ಅಭಿಪ್ರಾಯ. ಆ ದಿನ ನಾವು ಬಿಡುವುದು ಸ್ನಾನ, ಅಲಂಕಾರ, ಮನೆಗೆಲಸ ಮೊದಲಾದ, ನಮ್ಮ ದೇಹಕ್ಕೂ ಲಾಭಕ್ಕೂ ಸೇರಿದ ಆರಂಭವನ್ನು. ಸಾಯುವ ಜೀವಿಯನ್ನು ಬದುಕಿಸುವುದು ಆ ಪಟ್ಟಿಗೆ ಸೇರದು, ಕರುಣೆಯು ಶುಭೋಪಯೋಗ. ಆದುದರಿಂದ ಆ ಶ್ರಾವಕಿಯು ನಿಸ್ಸಂಶಯವಾಗಿ ಮೀನನ್ನು ಬಿಡಿಸತಕ್ಕದ್ದು. ಮನೆಯಲ್ಲಿ ಬೇರೆಯವರಿದ್ದರೆ ಅವರಿಂದ ಮಾಡಿಸಲಿ. ಇಲ್ಲದಿದ್ದರೆ ತಾನೇ ಮಾಡಲಿ.

ಸೋಮದೇವಸೂರಿಯು ಕ್ರಿ.ಶ. 959ರಲ್ಲಿ ರಚಿಸಿದ ಯಶಸ್ತಿಲಕ ಚಂಪೂವಿನಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಮುನಿಗಳ ಬಳಿ ಅವನು ಕೈಗೊಂಡ ವ್ರತ ಬಹಳ ಚಿಕ್ಕದು: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡುವುದು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ ಆ ಮೀನೇ ಮತ್ತೆ ಮತ್ತೆ ಬಲೆಗೆ ಬಿತ್ತು. ಐದು ಬಾರಿಯೂ ಅವನು ಅದನ್ನು ನೀರಿಗೇ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದನು. ಹೆಂಡತಿ ಬಾಗಿಲು ತೆರೆಯಲಿಲ್ಲ. ಆ ರಾತ್ರಿ ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ಮುಂದಿನ ಜನ್ಮದಲ್ಲಿ ಧನಕೀರ್ತಿಯಾಗಿ ಹುಟ್ಟಿ ಐದು ಬಾರಿ ಮರಣದಿಂದ ಪಾರಾದನು. ಬೆಸ್ತನೊಬ್ಬನು ಒಂದೇ ಮೀನಿಗೆ ಐದು ಸಲ ಬಗ್ಗಬಹುದಾದರೆ, ಶ್ರಾವಕಕುಲದಲ್ಲಿ ಹುಟ್ಟಿದ ನಮಗೆ ಒಂದು ಸಲ ಬಗ್ಗುವುದು ಭಾರವೇ?

ಈಗ ಮಾಡುವ ಕ್ರಮ. ಮೊದಲು ಪಂಪನ್ನು ನಿಲ್ಲಿಸಿರಿ. ಒಣಕೈಯಿಂದ ಹಿಡಿಯದಿರಿ, ಮೀನಿನ ಮೈಮೇಲಿನ ಲೋಳೆ ಅದರ ಕವಚ. ಲೋಟವನ್ನು ಮುಳುಗಿಸಿ, ನೀರಿನೊಡನೆಯೇ ಎತ್ತಿರಿ. ನೀರು ಸೋಸಿದ ಮೇಲೆ ಬಟ್ಟೆಯಲ್ಲುಳಿದ ಜೀವಾಣಿಯನ್ನು ಯಾವ ಬಾವಿಯ ನೀರೋ ಆ ಬಾವಿಗೇ ಬಿಡಬೇಕೆಂದು ಹಿರಿಯರು ವಿಧಿಸಿದ್ದು ಏಕೆ? ಒಂದು ನೀರಿನ ಜೀವಿಗೆ ಇನ್ನೊಂದು ನೀರಿನ ಶಾಖವೂ ಗುಣವೂ ಸಹಿಸದು. ಇಲ್ಲಿಯೂ ಅದೇ ನಿಯಮ. ಮರಿಯನ್ನು ಅದೇ ತೊಟ್ಟಿಯ ನೀರಿಗೇ ಬಿಡಿರಿ. ದೊಡ್ಡ ಗಪ್ಪಿಗಳು ಮರಿಗಳನ್ನು ತಿನ್ನುವುದರಿಂದ, ಅದೇ ನೀರು ತುಂಬಿದ ಬೇರೆ ಪಾತ್ರೆಯಲ್ಲಿ ಬೆಳೆಸುವುದು ಲೇಸು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೊಳೆಯಿರಿ. ಆ ನೀರನ್ನು ಚೆಲ್ಲುವ ಮೊದಲು ಬೆಳಕಿಗೆ ಹಿಡಿದು ನೋಡಿರಿ. ಸೀಳುಗಳಿಗೆ ಸಣ್ಣ ರಂಧ್ರದ ಸ್ಪಂಜು ಕಟ್ಟಿದರೆ ಮರಿ ಒಳಗೆ ಹೋಗುವುದೇ ಇಲ್ಲ. ಕೊಡದ ಬಾಯಿಗೆ ಎರಡು ಪದರದ ಬಟ್ಟೆ ಕಟ್ಟುವ ಕುಲಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಮೀನನ್ನು ತೊಟ್ಟಿಯಲ್ಲಿಡುವುದೇ ಬಂಧವಲ್ಲವೇ? ಹೌದು. ಆದುದರಿಂದ ಹೊಸದಾಗಿ ಕೊಂಡು ತರುವುದನ್ನು ಬಿಡುವುದೇ ಉತ್ತಮ ಮಾರ್ಗ. ಆದರೆ ಇರುವವನ್ನು ತೋಡಿಗೋ ಕೆರೆಗೋ ಚೆಲ್ಲಿ ಕೈತೊಳೆದುಕೊಳ್ಳುವುದು ದಯೆಯಲ್ಲ. ಗಪ್ಪಿ ದಕ್ಷಿಣ ಅಮೆರಿಕದ ಮೂಲದ್ದು. ನಮ್ಮ ತೋಡಿನ ಮೀನುಮರಿಗಳಿಗೆ ಅದು ಕಂಟಕವಾದೀತು. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಟ್ಟು, ಇರುವಷ್ಟು ಕಾಲ ಅನ್ನ ನೀರಿಗೆ ಕೊರತೆಯಾಗದಂತೆ ಕಾಪಾಡುವುದೇ ಗೃಹಸ್ಥನಿಗೆ ತಕ್ಕ ಪ್ರಾಯಶ್ಚಿತ್ತ.

ಬಂಧುಗಳೇ, ಅಷ್ಟಮಿ ಚತುರ್ದಶಿಗಳ ಮುನ್ನಾದಿನ ಏಕಭುಕ್ತ ಮುಗಿಸಿ ವ್ರತ ಧಾರಣೆ ಮಾಡುವ ಮೊದಲು, ಮನೆಯ ಹಿರಿಯರು ಮಕ್ಕಳನ್ನು ಕರೆದು ಆ ಖಾನೆಗಳನ್ನು ಒಮ್ಮೆ ತೋರಿಸಲಿ. ಅಲ್ಲಿ ಮರಿಯಿದ್ದರೆ ಮಗುವಿನ ಕೈಯಿಂದಲೇ ಎತ್ತಿಸಲಿ. ಸೂತ್ರವನ್ನು ಕಂಠಪಾಠ ಮಾಡಿದ ಬಾಲಕನಿಗಿಂತ, ಲೋಟದ ನೀರಿನಲ್ಲಿ ಜೀವ ಮಿಸುಕುವುದನ್ನು ಉಸಿರು ಬಿಗಿಹಿಡಿದು ನೋಡಿದ ಬಾಲಕನಿಗೆ ಅಹಿಂಸೆಯ ಅರ್ಥ ಬೇಗ ಆಗುತ್ತದೆ. ಆ ಮನೆಯ ಉಪವಾಸ ಸಾರ್ಥಕವಾದೀತು.