ಬಂಡೆಯೊಳಗೆ ನೆಟ್ಟ ಕಿವಿ



ಅಳ್ನಾವರದಿಂದ ಬರುವ ರೈಲುದಾರಿಯು ಅಂಬೇವಾಡಿಯಲ್ಲಿ ಕೊನೆಗಾಣುತ್ತದೆ. ಅಲ್ಲಿ ಕಾಡಿನ ಹಕ್ಕಿಯ ಕೂಗೂ ಯಂತ್ರದ ಸದ್ದೂ ಒಂದೇ ಕಿವಿಗೆ ಬೀಳುತ್ತವೆ. ಅವು ನಮ್ಮೊಳಗೆ ಸೇರುವುದು ಹೇಗೆಂದು ನಾವು ಎಂದಾದರೂ ಆಲೋಚಿಸಿದೆವೋ?

94ನೇ ಕೀರ್ತನೆಯು ದೇವರನ್ನು ಕಿವಿಯನ್ನು ನಾಟಿದಾತನೆಂದು ವರ್ಣಿಸುತ್ತದೆ. ಗದ್ದೆಯಲ್ಲಿ ಸಸಿ ನೆಡುವ ನಮಗೆ ಇದರ ಅರ್ಥವು ಸುಲಭವಾಗಿ ತಿಳಿಯುವದು. ಹೊರಗೆ ಕಾಣುವ ಕಿವಿಯು ಎಲೆ ಮಾತ್ರ. ಅದರ ಬೇರು ತಲೆಯ ಪಕ್ಕದ ಎಲುಬಿನೊಳಗೆ ಅಡಗಿದೆ. ವೈದ್ಯರು ಇದನ್ನು ಟೆಂಪೊರಲ್ ಎಲುಬು ಎನ್ನುತ್ತಾರೆ. ಇದರ ಒಳಭಾಗವು ದೇಹದ ಅತಿ ಗಟ್ಟಿಯಾದ ಎಲುಬುಗಳಲ್ಲಿ ಒಂದಾದಕಾರಣ ಅದಕ್ಕೆ ಬಂಡೆ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ಶಬ್ದವು ಮೊದಲು ತಮಟೆಯ ಚರ್ಮದಂತಿರುವ ಕಿವಿತಮಟೆಯನ್ನು ನಡುಗಿಸುತ್ತದೆ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳುಂಟು. ಕಡೆಯದು ಅಕ್ಕಿಯ ಕಾಳಿಗಿಂತಲೂ ಚಿಕ್ಕದು. ಆದಾಗ್ಯೂ ಅದು ನಡುಕವನ್ನು ಬಂಡೆಯೊಳಗಿನ ನೀರಿಗೆ ಮುಟ್ಟಿಸುತ್ತದೆ. ಆ ನೀರು ಬಸವನಹುಳದ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿದ ಕೊಳವೆಯಲ್ಲಿದೆ. ಅಲ್ಲಿರುವ ಸೂಕ್ಷ್ಮ ರೋಮಕಣಗಳು ಅಲುಗಿದಾಗ ನರವು ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಆ ಕಣಗಳು ಒಮ್ಮೆ ಸತ್ತರೆ ಮರಳಿ ಹುಟ್ಟವು. ಆದಕಾರಣ ಯಂತ್ರಗಳ ಬಳಿ ದುಡಿಯುವವರು ಕಿವಿಗಳನ್ನು ಮುಚ್ಚಿಕೊಳ್ಳುವದು ಅಂಜುಬುರುಕತನವಲ್ಲ, ವಿವೇಕವೇ.

ದೇವರು ಇಷ್ಟು ಭದ್ರವಾಗಿ ಇಟ್ಟದ್ದನ್ನು ನಾವು ಅಲಕ್ಷ್ಯ ಮಾಡುವದೇಕೆ? ಮಗುವಿನ ಕಿವಿ ಸೋರಿದರೆ ಬಿಸಿ ಎಣ್ಣೆ ಹೊಯ್ದು, ಕಡ್ಡಿ ಹಾಕಿ, ತಾನೇ ವಾಸಿಯಾದೀತೆಂದು ಸುಮ್ಮನಿರುತ್ತೇವೆ. ಆದರೆ ಗಂಟಲಿನಿಂದ ನಡುಗಿವಿಗೆ ಒಂದು ಸಣ್ಣ ದಾರಿಯುಂಟು. ಮಕ್ಕಳಲ್ಲಿ ಅದು ಗಿಡ್ಡವಾದದ್ದರಿಂದ ನೆಗಡಿಯ ರೋಗವು ಬೇಗನೆ ಏರುತ್ತದೆ. ಕಿವಿಯ ಹಿಂದಿನ ಎಲುಬು ಜೇನುಹುಟ್ಟಿನಂತೆ ಪೊಳ್ಳು ಪೊಳ್ಳಾಗಿದೆ. ಕೀವು ಅಲ್ಲಿ ಸೇರಿದರೆ ಮೆದುಳು ದೂರವಿಲ್ಲ. ಕಿವಿಯ ಹಿಂದೆ ಬಾವು ಕಂಡರೆ, ಜ್ವರ ಬಂದರೆ, ಆ ದಿನವೇ ವೈದ್ಯರ ಬಳಿಗೆ ಹೋಗಬೇಕು. ಪ್ರಾರ್ಥಿಸುತ್ತಲೇ ಹೋಗೋಣ, ಪ್ರಾರ್ಥನೆಯು ಕಾಲನ್ನು ಕಟ್ಟುವದಿಲ್ಲ.

ಇನ್ನೊಂದು ಮಾತು. ಕರೆದರೆ ತಿರುಗದ ಮಗುವನ್ನು ಮೊಂಡನೆಂದು ಹೊಡೆಯುತ್ತೇವೆ, ಮಾತು ಬಾರದವನನ್ನು ದಡ್ಡನೆಂದು ಮೂಲೆಗೆ ಕೂರಿಸುತ್ತೇವೆ. ಅವನಿಗೆ ಕೇಳಿಸದೆ ಇರಬಹುದೆಂದು ತೋಚುವದಿಲ್ಲ. ಹುಟ್ಟಿದ ಕೂಸಿನ ಕಿವಿಯನ್ನೂ ಈಗ ಪರೀಕ್ಷಿಸಬಹುದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ಕೆಲಸಕ್ಕಾಗಿ ಇದೆ. ಬೇಗ ತಿಳಿದಷ್ಟೂ ಮಗುವಿಗೆ ಹೆಚ್ಚು ಮೇಲು.

ನಂಬಿಕೆಯು ಕೇಳುವದರಿಂದ ಹುಟ್ಟುವದೆಂದು ಪೌಲನು ಬೋಧಿಸಿದನು. ಹಾಗಾದರೆ ಕೇಳಲಾರದವರಿಗೆ ವಾಕ್ಯವನ್ನು ಮುಟ್ಟಿಸುವ ಭಾರವು ಯಾರದು? ಕೇಳುವ ನಮ್ಮದೇ. ಸಂಜ್ಞೆಯಿಂದಲೂ ಬರಹದಿಂದಲೂ ಪ್ರೀತಿಯಿಂದಲೂ ಅವರನ್ನು ಸಭೆಯ ಮುಂದಿನ ಸಾಲಿಗೆ ಕರೆತರೋಣ. ಕಿವಿಯುಳ್ಳ ನಾವು ಅವರ ಮೊರೆಗೆ ಕಿವುಡರಾಗದಂತೆ ಕರ್ತನು ನಮಗೆ ಸಹಾಯಮಾಡಲಿ. ಆಮೆನ್.